ಬಯಾಪ್ಸಿ: ಸೂಜಿ ಚುಚ್ಚುವ ಮುಂಚಿನಿಂದ ವರದಿ ಓದುವವರೆಗೆ

ಆಪರೇಷನ್ ಥಿಯೇಟರಿನ ಬಾಗಿಲು ಅರ್ಧ ತೆರೆಯುತ್ತದೆ. ಸಿಸ್ಟರ್ ರೋಗಿಯ ಹೆಸರು ಕೂಗಿ, 'ಜೊತೆಗೆ ಯಾರಿದ್ದೀರಿ?' ಎಂದು ಕೇಳುತ್ತಾರೆ. ನೀವು ಎದ್ದು ಹೋದರೆ ಕೈಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯೂ ಒಂದು ಚೀಟಿಯೂ ಬರುತ್ತವೆ. 'ಇದನ್ನು ಲ್ಯಾಬಿಗೆ ಕೊಟ್ಟು ಬನ್ನಿ.' ಡಬ್ಬಿಯೊಳಗೆ ನೀರಿನಂಥ ದ್ರವ, ಅದರಲ್ಲಿ ಅಕ್ಕಿಕಾಳಿನಷ್ಟೋ ಕಡಲೆಕಾಳಿನಷ್ಟೋ ಇರುವ ಒಂದು ಚೂರು. ಸ್ವಂತ ಪೆಥಾಲಜಿ ವಿಭಾಗವಿಲ್ಲದ ನಮ್ಮ ಊರುಗಳ ನರ್ಸಿಂಗ್ ಹೋಂಗಳಲ್ಲಿ ಇದು ಮಾಮೂಲು. ಮನೆಯವರ ಮುಂದಿನ ಆರು ತಿಂಗಳು ಹೇಗಿರಬೇಕೆಂಬುದು ಆ ಡಬ್ಬಿಯಲ್ಲಿ ತೇಲುತ್ತಿರುತ್ತದೆ, ಹೊತ್ತವರಿಗೆ ಅದರ ಬಗ್ಗೆ ಯಾರೂ ಏನೂ ಹೇಳಿರುವುದಿಲ್ಲ.

ನನ್ನ ಸೋದರತ್ತೆಯ ಕುತ್ತಿಗೆಯಲ್ಲಿ ದುಗ್ಧಗ್ರಂಥಿ ಊದಿಕೊಂಡಾಗ ಡಬ್ಬಿ ಹೊತ್ತವನು ನಾನೇ. ತೆಗೆದ ಗಂಟನ್ನು ಇಡಿಯಾಗಿ ಫಾರ್ಮಾಲಿನ್ ಎಂಬ, ಅಂಗಾಂಶ ಕೊಳೆಯದಂತೆ ತಡೆಯುವ ದ್ರವಕ್ಕೆ ಹಾಕಿಬಿಟ್ಟಿದ್ದರು. ವಾರದ ನಂತರ ಬಂದ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ, ಕ್ಷಯದ ಗುಮಾನಿ ಇತ್ತು, 'ಕಲ್ಚರ್ ಮಾಡಿಸಿ', ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿ, ಎಂಬ ಸಲಹೆಯೂ ಇತ್ತು. ಫಾರ್ಮಾಲಿನ್ ಸೋಕಿದ ಮೇಲೆ ಯಾವ ರೋಗಾಣುವೂ ಬದುಕಿರುವುದಿಲ್ಲ, ಸತ್ತದ್ದನ್ನು ಬೆಳೆಸುವುದು ಹೇಗೆ? ಅತ್ತೆಯ ಕುತ್ತಿಗೆಗೆ ಎರಡನೆಯ ಸಲ ಚುಚ್ಚಬೇಕಾಯಿತು. ಅರ್ಧ ಗಂಟನ್ನು ಸಲೈನ್‌ನಲ್ಲಿ ಹಾಕಿಸಿದ್ದರೆ ಸಾಕಿತ್ತು ಎಂದು ಆಮೇಲೆ ತಿಳಿಯಿತು. ಬಯಾಪ್ಸಿ ಕೆಡುವುದು ಸೂಕ್ಷ್ಮದರ್ಶಕದ ಕೆಳಗೆ ಕಡಿಮೆ, ಅಲ್ಲಿಗೆ ತಲುಪುವ ದಾರಿಯಲ್ಲಿ ಹೆಚ್ಚು ಎಂಬುದು ಅಂದಿನಿಂದ ನನ್ನ ನಂಬಿಕೆ. ಆ ದಾರಿಯಲ್ಲಿ ರೋಗಿ ಮತ್ತು ಮನೆಯವರು ಕಣ್ಣಿಡಬಹುದಾದ ಜಾಗಗಳು ಹಲವು.

ಹಂತ 1: ಯಾವ ಪರೀಕ್ಷೆ ಎಂದು ತಿಳಿದುಕೊಳ್ಳಿ

'ಸೂಜಿ ಪರೀಕ್ಷೆ' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳು ಓಡಾಡುತ್ತವೆ. ಒಂದು ಎಫ್‌ಎನ್‌ಎಸಿ. ರಕ್ತ ತೆಗೆಯುವ ಸೂಜಿಯಷ್ಟೇ ಸಪೂರವಾದ, 22ರಿಂದ 25 ಗೇಜಿನ ಸೂಜಿಯನ್ನು ಗಂಟಿನೊಳಗೆ ಆಡಿಸಿ ಬಿಡಿ ಜೀವಕೋಶಗಳನ್ನು ಹೀರುತ್ತಾರೆ. ಇನ್ನೊಂದು ಕೋರ್ ಬಯಾಪ್ಸಿ. ಸ್ಪ್ರಿಂಗ್ ಇರುವ, 14ರಿಂದ 18 ಗೇಜಿನ ದಪ್ಪ ಸೂಜಿ ಒಂದೆರಡು ಸೆಂಟಿಮೀಟರ್ ಉದ್ದದ, ಶ್ಯಾವಿಗೆ ಎಳೆಯಂಥ ಅಂಗಾಂಶವನ್ನೇ ಕತ್ತರಿಸಿ ತರುತ್ತದೆ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ಸೂಜಿ ದಪ್ಪ.

ಒಂದು ಹಿಡಿ ಭತ್ತ ಕೈಗೆ ಸಿಕ್ಕರೆ ಜೊಳ್ಳೋ ಗಟ್ಟಿಯೋ ಹೇಳಬಹುದು. ಬೆಳೆ ಬದು ದಾಟಿ ಪಕ್ಕದ ಗದ್ದೆಗೆ ನುಗ್ಗಿದೆಯೇ ಎಂದು ಹೇಳಬೇಕಾದರೆ ಬದುವಿನ ಸಮೇತ ಗದ್ದೆಯ ಒಂದು ತುಂಡನ್ನು ನೋಡಬೇಕು. ಎಫ್‌ಎನ್‌ಎಸಿ ಕೊಡುವುದು ಹಿಡಿ ಭತ್ತವನ್ನು, ಬಯಾಪ್ಸಿ ಕೊಡುವುದು ಗದ್ದೆಯ ತುಂಡನ್ನು. ಥೈರಾಯ್ಡ್ ಗಂಟಿಗೆ ಮೊದಲ ಪರೀಕ್ಷೆಯಾಗಿ ಹಿಡಿ ಭತ್ತವೇ ಸಾಕು. ಸ್ತನದ ಗಂಟಿನಲ್ಲಿ ಕ್ಯಾನ್ಸರ್ ಶಂಕೆ ಇದ್ದರೆ ಸಾಲದು, ಅದು ಹಾಲಿನ ನಾಳದೊಳಗೇ ಕುಳಿತಿದೆಯೋ ಗೋಡೆ ಒಡೆದು ಹೊರಬಂದಿದೆಯೋ ಎಂಬುದು ಚಿಕಿತ್ಸೆಯನ್ನೇ ಬದಲಿಸುತ್ತದೆ. ಹಾಗಾಗಿ, 'ಡಾಕ್ಟರೇ, ಇದು ಎಫ್‌ಎನ್‌ಎಸಿಯೋ ಬಯಾಪ್ಸಿಯೋ? ಇದರಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ?' ಎಂದು ಕೇಳಲು ಸಂಕೋಚ ಬೇಡ.

ಉಳಿದ ಬಗೆಗಳನ್ನು ಬೇಗ ಹೇಳಿಬಿಡುತ್ತೇನೆ. ದೊಡ್ಡ ಹುಣ್ಣಿನಿಂದ ಒಂದು ಚೂರು ಮಾತ್ರ ಕತ್ತರಿಸಿದರೆ ಇನ್ಸಿಷನಲ್, ಚಿಕ್ಕ ಗಂಟನ್ನು ಪೂರ್ತಿ ತೆಗೆದರೆ ಎಕ್ಸಿಷನಲ್. ಚರ್ಮಕ್ಕೆ ಮೂರು ನಾಲ್ಕು ಮಿಲಿಮೀಟರಿನ ದುಂಡು ಅಲಗಿನ ಪಂಚ್. ಹೊಟ್ಟೆ, ಕರುಳು, ಶ್ವಾಸನಾಳಗಳಿಗೆ ಎಂಡೋಸ್ಕೋಪಿನೊಳಗಿಂದ ಹೋಗುವ ಪುಟ್ಟ ಚಿಮಟ. ಅಸ್ಥಿಮಜ್ಜೆಗೆ ಸೊಂಟದ ಮೂಳೆಯ ಹಿಂಭಾಗಕ್ಕೆ ತಿರುವಿ ಇಳಿಸುವ ಜಮ್ಶಿದಿ ಸೂಜಿ. 'ಬಯಾಪ್ಸಿ' ಎಂಬ ಪದವನ್ನು 1879ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬೆನಿಯೆ. ಗ್ರೀಕಿನಲ್ಲಿ ಬಯೋಸ್ ಎಂದರೆ ಜೀವ, ಆಪ್ಸಿಸ್ ಎಂದರೆ ನೋಟ. ಬದುಕಿರುವವರ ದೇಹದಿಂದ ತೆಗೆದು ನೋಡುವುದು ಎಂದರ್ಥ.

'ಚಾಕು ತಾಗಿಸಿದರೆ ಹರಡುತ್ತದಂತೆ'

ಬಯಾಪ್ಸಿ ಎಂದಕೂಡಲೇ ಊರಿನ ಹಿರಿಯರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ. ಇದನ್ನು ನಂಬಿ ಮೂರು ತಿಂಗಳು ಬೇರು, ಭಸ್ಮ ಎಂದು ಓಡಾಡಿ ಬಂದವರ ರೋಗ ಹರಡಿರುತ್ತದೆ, ಹರಡಿಸಿದ್ದು ಆ ಮೂರು ತಿಂಗಳು. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಬೀಳುವುದು ಬಹಳ ಅಪರೂಪ. ಆದರೆ ಅದು ಪೂರ್ತಿ ಸುಳ್ಳೆಂದು ತಳ್ಳಿಹಾಕುವುದೂ ಪ್ರಾಮಾಣಿಕವಲ್ಲ. ವೃಷಣದ ಗಂಟಿಗೆ ಸೂಜಿ ಹಾಕದೆ, ತೊಡೆಸಂದಿಯ ಮೂಲಕ ವೃಷಣವನ್ನೇ ತೆಗೆದು ಪರೀಕ್ಷಿಸುತ್ತಾರೆ. ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾದ ಅಂಡಾಶಯದ ಗಡ್ಡೆಯನ್ನು ಸಾಮಾನ್ಯವಾಗಿ ಚುಚ್ಚುವುದಿಲ್ಲ. ಸಿರೋಸಿಸ್ ಇರುವವರ ಯಕೃತ್ತಿನ ಕ್ಯಾನ್ಸರನ್ನು ಅನೇಕ ಸಲ ಸ್ಕ್ಯಾನ್ ಮೇಲೆಯೇ ಖಚಿತಪಡಿಸುತ್ತಾರೆ. ಮೂಳೆ, ಮಾಂಸಖಂಡಗಳ ಸಾರ್ಕೋಮಾ ಎಂಬ ಕ್ಯಾನ್ಸರಿನ ಶಂಕೆ ಇದ್ದರೆ ಮುಂದೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೇ ಸೂಜಿಯ ದಾರಿಯನ್ನು ನಿರ್ಧರಿಸಬೇಕು, ಏಕೆಂದರೆ ಆ ದಾರಿಯನ್ನೂ ಗಡ್ಡೆಯೊಡನೆ ಕತ್ತರಿಸಿ ತೆಗೆಯಬೇಕಾಗಬಹುದು. ತೋಳಿನ ಗಡ್ಡೆಯನ್ನು ಸಿಕ್ಕ ಕಡೆ ಅಡ್ಡಡ್ಡ ಕೊಯ್ದು ನೋಡಿದರೆ ಮುಂದೆ ತೋಳು ಉಳಿಸುವುದು ಕಷ್ಟವಾಗುವ ಸಂದರ್ಭಗಳಿವೆ.

ಹಂತ 2: ಹಿಂದಿನ ದಿನಗಳ ತಯಾರಿ

ಮಾತ್ರೆಗಳ ಚೀಲವನ್ನೇ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಅವರು ಹುಡುಕುವುದು ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥವನ್ನು. ಚರ್ಮದ ಪಂಚ್‌ಗೆ ಇವನ್ನು ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬೀಳದು, ಮೂತ್ರಪಿಂಡ ಅಥವಾ ಯಕೃತ್ತಿಗೆ ಸೂಜಿ ಹಾಕುವಾಗ ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವೇ ಮಾತ್ರೆ ಬಿಟ್ಟುಬಿಡುವುದು ಬಯಾಪ್ಸಿಗಿಂತ ದೊಡ್ಡ ಅಪಾಯ, ಹೃದಯದ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಬೈದರೆ ಬೈಸಿಕೊಳ್ಳಿ. ಒಳಗಿನ ಅಂಗಗಳ ಬಯಾಪ್ಸಿಗೆ ಮುಂಚೆ ಪ್ಲೇಟ್‌ಲೆಟ್ ಎಣಿಕೆ ಮತ್ತು ಪಿಟಿ-ಐಎನ್‌ಆರ್ ಎಂಬ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸುತ್ತಾರೆ. ಹಲ್ಲು ಕೀಳಿಸುವಾಗ ಮರಗಟ್ಟಿಸುವ ಇಂಜೆಕ್ಷನ್ ಒಗ್ಗದೆ ಹೋಗಿದ್ದರೆ ಅದನ್ನೂ ತಿಳಿಸಬೇಕು.

ಹಂತ 3: ಚೂರು ತೆಗೆಯುವುದು

ಅಡಿಕೆ, ಹೊಗೆಸೊಪ್ಪು, ಗುಟ್ಕಾಗಳ ನಾಡಿನಲ್ಲಿ ಬಾಯಿಯ ಬಯಾಪ್ಸಿಯಿಂದ ಶುರುಮಾಡುವುದು ನ್ಯಾಯ. ಕೆನ್ನೆಯ ಒಳಮೈಯಲ್ಲಿ, ಸುಣ್ಣ ಬೆರೆಸಿದ ಹೊಗೆಸೊಪ್ಪನ್ನು ದಿನಾ ಒತ್ತರಿಸಿಟ್ಟ ಜಾಗದಲ್ಲೇ, ಒರೆಸಿದರೂ ಹೋಗದ ಬಿಳಿ ಮಚ್ಚೆ ಕಾಣಿಸಿಕೊಳ್ಳುತ್ತದೆ. ಇಲ್ಲವೇ ಎರಡು ಮೂರು ವಾರವಾದರೂ ಮಾಯದ ಹುಣ್ಣು. ವೈದ್ಯರು ಲಿಗ್ನೋಕೇನ್ ಚುಚ್ಚಿ ಕೆನ್ನೆ ಮರಗಟ್ಟಿಸುತ್ತಾರೆ. ನೋಯುವುದು ಆ ಇಂಜೆಕ್ಷನ್ ಮಾತ್ರ, ಆಮೇಲೆ ಎಳೆದಂತೆ ಅನ್ನಿಸುತ್ತದೆ, ನೋವಿರುವುದಿಲ್ಲ. ಚೂರನ್ನು ಎಲ್ಲಿಂದ ತೆಗೆಯುತ್ತಾರೆ ಎಂಬುದೇ ಇಲ್ಲಿಯ ಕಸುಬು. ಹುಣ್ಣಿನ ನಡುಭಾಗ ಕೊಳೆತಿರುತ್ತದೆ, ಅಲ್ಲಿ ಸತ್ತ ಕೋಶ ಮತ್ತು ಕೀವು ಬಿಟ್ಟರೆ ಓದಲು ಏನೂ ಸಿಗದು. ಅಂಚಿನಿಂದ, ಸ್ವಲ್ಪ ಆರೋಗ್ಯವಂತ ಭಾಗವೂ ಸೇರುವಂತೆ, ಸಾಕಷ್ಟು ಆಳಕ್ಕೆ ತೆಗೆಯಬೇಕು. ಬದು ಕಾಣಬೇಕಲ್ಲ! ಮೇಲುಮೇಲಕ್ಕೆ ಕೆರೆದ ಚೂರು ಬಂದರೆ ಅದನ್ನು ಸೂಕ್ಷ್ಮದರ್ಶಕದಲ್ಲಿ ಓದುವ ವೈದ್ಯರಾದ ಪೆಥಾಲಜಿಸ್ಟ್ 'ಆಳ ಸಾಲದು, ಮತ್ತೊಮ್ಮೆ ಕಳಿಸಿ' ಎಂದು ಬರೆಯುತ್ತಾರೆ. ಒಂದೆರಡು ಹೊಲಿಗೆ ಬೀಳುತ್ತದೆ. ಆ ದಿನ ಬಿಸಿ, ಖಾರ ಬೇಡ.

ಸ್ತನದ ಕೋರ್ ಬಯಾಪ್ಸಿಯಲ್ಲಿ ಅಲ್ಟ್ರಾಸೌಂಡ್ ಪರದೆ ನೋಡುತ್ತ ಸೂಜಿಯನ್ನು ಗಂಟಿಗೆ ಗುರಿಹಿಡಿಯುತ್ತಾರೆ. ಸ್ಪ್ರಿಂಗ್ ಬಿಟ್ಟಾಗ 'ಟಪ್' ಎಂದು ಸದ್ದಾಗುತ್ತದೆ. ಬೆಚ್ಚಿ ಅಲುಗಾಡದಿರಲಿ ಎಂದು ಒಳ್ಳೆಯ ವೈದ್ಯರು ಆ ಸದ್ದನ್ನು ಮೊದಲೇ ಗಾಳಿಯಲ್ಲಿ ಕೇಳಿಸುತ್ತಾರೆ. ಕೇಳಿಸದಿದ್ದರೆ ನೀವೇ ಕೇಳಿ. ಪ್ರಾಸ್ಟೇಟ್‌ನಿಂದ ಬೇರೆ ಬೇರೆ ಭಾಗಗಳ ಹನ್ನೆರಡು ಎಳೆಗಳನ್ನು ತೆಗೆಯುವುದು ರೂಢಿ, ಯಾವ ಎಳೆ ಯಾವ ಭಾಗದ್ದು ಎಂಬ ಗುರುತು ಡಬ್ಬಿಯ ಮೇಲಿರಬೇಕು. ಮೂತ್ರಪಿಂಡಕ್ಕೆ ರೋಗಿ ಬೋರಲು ಮಲಗಿ, ಹೇಳಿದಾಗ ಉಸಿರು ಬಿಗಿಹಿಡಿಯಬೇಕು, ಏಕೆಂದರೆ ಉಸಿರಿನೊಂದಿಗೆ ಮೂತ್ರಪಿಂಡವೂ ಮೇಲೆ ಕೆಳಗೆ ಸರಿಯುತ್ತದೆ. ಅದಾದ ಮೇಲೆ ಹಲವು ಗಂಟೆ ಅಂಗಾತ ಮಲಗಿದ್ದು, ಮೂತ್ರ ಕೆಂಪಾಗುತ್ತಿದೆಯೇ ಎಂದು ನೋಡುತ್ತಿರಬೇಕು. ಶ್ವಾಸಕೋಶದ ಬಯಾಪ್ಸಿ ಆದವರಿಗೆ ಎದೆನೋವು, ಉಸಿರಾಟದ ಕಷ್ಟ ಶುರುವಾದರೆ ಕೂಡಲೇ ಕೂಗಿ ಹೇಳಿ, ಶ್ವಾಸಕೋಶದ ಸುತ್ತ ಗಾಳಿ ತುಂಬಿರಬಹುದು. ಯಾವುದೇ ಬಯಾಪ್ಸಿಯಾಗಲಿ, ಒತ್ತಿ ಹಿಡಿದರೂ ನಿಲ್ಲದ ರಕ್ತ, ಜ್ವರ, ಏರುತ್ತಲೇ ಇರುವ ನೋವು ಬಂದರೆ ಬೆಳಗಾಗುವವರೆಗೆ ಕಾಯಬೇಡಿ.

ಹಂತ 4: ಡಬ್ಬಿ

ಈಗ ಮೊದಲಿನ ಬಾಗಿಲಿಗೆ ಬರೋಣ. ಡಬ್ಬಿಯನ್ನು ತೆಗೆದುಕೊಂಡು ಹೆಜ್ಜೆ ಇಡುವ ಮುಂಚೆ ಒಂದು ನಿಮಿಷ ಅಲ್ಲೇ ನಿಲ್ಲಿ.

ಮೊದಲು ಹೆಸರು. ರೋಗಿಯ ಪೂರ್ತಿ ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ, ದೇಹದ ಯಾವ ಭಾಗ, ಬಲವೋ ಎಡವೋ, ಇಷ್ಟೂ ಡಬ್ಬಿಯ ಮೈಮೇಲೆ ಇರಬೇಕು. ಮುಚ್ಚಳದ ಮೇಲೆ ಬರೆದದ್ದು ಲೆಕ್ಕಕ್ಕಿಲ್ಲ. ಲ್ಯಾಬಿನಲ್ಲಿ ಹತ್ತು ಡಬ್ಬಿಗಳ ಮುಚ್ಚಳ ಒಟ್ಟಿಗೆ ತೆರೆದಿಟ್ಟಾಗ ಯಾವುದು ಯಾವುದರದ್ದೋ ಯಾರು ಬಲ್ಲರು? ಲಕ್ಷ್ಮಮ್ಮ, ಮಂಜುನಾಥ ಎಂಬ ಹೆಸರಿನವರು ಒಂದೇ ದಿನ ಇಬ್ಬರು ಮೂವರು ಬರುವ ನಾಡು ನಮ್ಮದು.

ಎರಡನೆಯದು, ಚೂರು ಕಣ್ಣಿಗೆ ಕಾಣುತ್ತಿದೆಯೇ? ನಗಬೇಡಿ. ಎಂಡೋಸ್ಕೋಪಿಯ ಪುಟ್ಟ ಚೂರುಗಳು ಮುಚ್ಚಳದ ಒಳಮೈಗೆ ಅಂಟಿಕೊಂಡು ಒಣಗಿಹೋಗುವುದುಂಟು.

ಮೂರನೆಯದು ದ್ರವ. ಮಾಮೂಲು ಪರೀಕ್ಷೆಗೆ ಬೇಕಾದದ್ದು ಹತ್ತು ಶೇಕಡಾ ಫಾರ್ಮಾಲಿನ್, ಕಣ್ಣು ಉರಿಸುವ ಘಾಟಿನಿಂದಲೇ ಗೊತ್ತಾಗುತ್ತದೆ. ದೇಹದಿಂದ ಬೇರ್ಪಟ್ಟ ಅಂಗಾಂಶ ಆ ಕ್ಷಣದಿಂದಲೇ ಕೊಳೆಯತೊಡಗುತ್ತದೆ, ಫಾರ್ಮಾಲಿನ್ ಅದರ ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಇದ್ದ ಸ್ಥಿತಿಯಲ್ಲೇ ನಿಲ್ಲಿಸುತ್ತದೆ. ದ್ರವದ ಪ್ರಮಾಣ ಚೂರಿನ ಹತ್ತು ಪಟ್ಟಾದರೂ ಇರಬೇಕು. ದೊಡ್ಡ ಗಡ್ಡೆಯನ್ನು ಕಿರುಬಾಯಿಯ ಸೀಸೆಗೆ ತುರುಕಿ ಮೇಲೆ ನಾಲ್ಕು ಹನಿ ಸುರಿದರೆ ಹೊರಗೆ ಗಟ್ಟಿ, ಒಳಗೆ ಕೊಳೆತ. ಅಂಗಾಂಶವನ್ನು ನೀರಿಗೆ ಹಾಕಿದರೆ ಕೋಶಗಳು ಊದಿ ಒಡೆಯುತ್ತವೆ. ಫ್ರೀಜರಿನಲ್ಲಿ ಇಟ್ಟರೆ ಹಿಮದ ಹರಳುಗಳು ಅಂಗಾಂಶವನ್ನು ತೂತು ತೂತು ಮಾಡುತ್ತವೆ, 'ತಣ್ಣಗಿದ್ದರೆ ಕೆಡುವುದಿಲ್ಲ' ಎಂಬ ಅಡುಗೆಮನೆಯ ಲೆಕ್ಕ ಇಲ್ಲಿ ನಡೆಯದು. ಫಾರ್ಮಾಲಿನ್ ವಿಷವೆಂಬುದೂ ನೆನಪಿರಲಿ. ಮುಚ್ಚಳ ಬಿಗಿಯಾಗಿರಲಿ, ಮಕ್ಕಳ ಕೈಗೆ ಸಿಗದಿರಲಿ, ಊಟದ ಬುತ್ತಿಯ ಜೊತೆ ಒಂದೇ ಚೀಲದಲ್ಲಿ ಬೇಡ.

ನಾಲ್ಕನೆಯದು, ನನ್ನ ಅತ್ತೆಯ ಪ್ರಶ್ನೆ: 'ಎಲ್ಲವನ್ನೂ ಫಾರ್ಮಾಲಿನ್‌ಗೆ ಹಾಕಿದಿರಾ?' ಇದನ್ನು ಬಯಾಪ್ಸಿಗೆ ಮುಂಚೆಯೇ ಕೇಳಬೇಕು. ಕ್ಷಯದ ಕಲ್ಚರ್‌ಗೆ, ಕ್ಷಯದ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಒಂದು ಭಾಗ ಶುದ್ಧ ಸಲೈನ್‌ನಲ್ಲಿ ಹೋಗಬೇಕು. ಮೂತ್ರಪಿಂಡದ ಎಳೆಯಲ್ಲಿ ಇಮ್ಯುನೊಫ್ಲೋರೆಸೆನ್ಸ್ ಎಂಬ, ಅಂಗಾಂಶದಲ್ಲಿ ಕುಳಿತ ಪ್ರತಿಕಾಯಗಳನ್ನು ಹೊಳೆಯಿಸಿ ನೋಡುವ ಪರೀಕ್ಷೆಗೆ ಮೀಸಲಾದ ಭಾಗ ಸಲೈನ್‌ನಲ್ಲಿ ಅಥವಾ ಮೈಕೆಲ್ಸ್ ಮಾಧ್ಯಮವೆಂಬ ಸಾಗಣೆ ದ್ರವದಲ್ಲಿ ಹೋಗಬೇಕು, ಚರ್ಮದ ಗುಳ್ಳೆ ರೋಗಗಳಲ್ಲೂ ಹೀಗೆಯೇ.

ಐದನೆಯದು ಚೀಟಿ. 'ಗಂಟು, ಬಯಾಪ್ಸಿ' ಎಂಬ ಎರಡೇ ಪದ ಇದ್ದರೆ ಅದನ್ನು ಹಿಂದಕ್ಕೆ ಕೊಟ್ಟು ಬರೆಸಿಕೊಳ್ಳಿ. ಎಷ್ಟು ದಿನದಿಂದ ಇದೆ, ಸ್ಕ್ಯಾನಿನಲ್ಲಿ ಏನು ಕಂಡಿದೆ, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಇತ್ತೇ, ವಿಕಿರಣ ಚಿಕಿತ್ಸೆ ಆಗಿದೆಯೇ, ವೈದ್ಯರ ಗುಮಾನಿ ಏನು ಎಂಬುದು ಅದರಲ್ಲಿರಬೇಕು. ವಿಕಿರಣ ತಗುಲಿದ ಮಾಮೂಲು ಕೋಶಗಳು ಕ್ಯಾನ್ಸರ್ ಕೋಶಗಳಂತೆ ವಿಕಾರವಾಗಿ ಕಾಣಬಲ್ಲವು. ಆ ಒಂದು ಸಾಲು ಚೀಟಿಯಲ್ಲಿ ಇಲ್ಲದಿದ್ದರೆ ಕೂತು ಓದುವವರು ದಾರಿತಪ್ಪಬಹುದು.

ಕೊನೆಯದು ಸಮಯ. ಸ್ತನದ ಬಯಾಪ್ಸಿಗೆ ಒಂದು ಲೆಕ್ಕವಿದೆ: ಚೂರು ತೆಗೆದ ಒಂದು ಗಂಟೆಯೊಳಗೆ ಫಾರ್ಮಾಲಿನ್ ಸೇರಬೇಕು, ಅದರಲ್ಲಿ 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಇರಬಾರದು. ಮೀರಿದರೆ ಹಾರ್ಮೋನ್ ಗ್ರಾಹಕಗಳ ಪರೀಕ್ಷೆ ಸುಳ್ಳು ಹೇಳಬಹುದು. ಶನಿವಾರ ಸಂಜೆ ತೆಗೆದ ಚೂರಿನ ಮುಂದೆ ಭಾನುವಾರವೂ ಆಯುಧಪೂಜೆ, ವಿಜಯದಶಮಿಯ ರಜೆಗಳೂ ಸಾಲಾಗಿ ನಿಂತರೆ ಏನಾಗುತ್ತದೆ, ನೀವೇ ಲೆಕ್ಕಹಾಕಿ. ತುರ್ತಿಲ್ಲದಿದ್ದರೆ ವಾರದ ಮೊದಲರ್ಧದಲ್ಲಿ ದಿನ ಕೇಳುವುದು ಜಾಣತನ.

ಹಂತ 5: ಲ್ಯಾಬಿನೊಳಗೆ

ಮೊದಲು ಡಬ್ಬಿಗೆ ಒಂದು ಕ್ರಮಸಂಖ್ಯೆ ಬೀಳುತ್ತದೆ. ಮುಂದೆ ಚೂರು, ಅದನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕ್, ಗಾಜಿನ ಸ್ಲೈಡ್, ವರದಿ ಎಲ್ಲಕ್ಕೂ ಅದೇ ಗುರುತು, ಅದನ್ನು ನೀವೂ ಬರೆದಿಟ್ಟುಕೊಳ್ಳಿ. ಗ್ರಾಸಿಂಗ್ ಎಂಬ ಕೆಲಸದಲ್ಲಿ ಪೆಥಾಲಜಿಸ್ಟ್ ಬರಿಗಣ್ಣಿನಿಂದ ಚೂರನ್ನು ನೋಡಿ, ಅಳೆದು, ಬಣ್ಣ, ಗಟ್ಟಿತನಗಳನ್ನು ದಾಖಲಿಸುತ್ತಾರೆ. ಇಡೀ ಗಡ್ಡೆ ಬಂದಿದ್ದರೆ ಅದರ ಹೊರಮೈಗೆ ಶಾಯಿ ಬಳಿಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶ ಶಾಯಿಯನ್ನು ಮುಟ್ಟಿದ್ದು ಕಂಡರೆ, ಕೊಯ್ದ ಅಂಚಿನಲ್ಲೂ ರೋಗವಿತ್ತು ಎಂದು ತಿಳಿಯುತ್ತದೆ.

ಅಂಗಾಂಶ ಬೆಣ್ಣೆಯಂತೆ ಮೆತ್ತಗೆ, ಅದನ್ನು ತೆಳ್ಳಗೆ ಕತ್ತರಿಸಲಾಗದು. ಅದಕ್ಕೆ ಮೇಣದ ಗಟ್ಟಿತನ ಕೊಡಬೇಕು, ಆದರೆ ಒಳಗೆ ನೀರಿರುವವರೆಗೆ ಮೇಣ ಇಳಿಯದು. ಆದ್ದರಿಂದ ಟಿಷ್ಯೂ ಪ್ರೊಸೆಸರ್ ಎಂಬ ಯಂತ್ರ ರಾತ್ರಿಯಿಡೀ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರುವ ಆಲ್ಕೋಹಾಲಿನಲ್ಲಿ ಅದ್ದಿ ನೀರು ತೆಗೆಯುತ್ತದೆ, ಝೈಲೀನ್‌ನಲ್ಲಿ ಅದ್ದಿ ಆಲ್ಕೋಹಾಲ್ ತೆಗೆಯುತ್ತದೆ, ಕೊನೆಗೆ ಸುಮಾರು 60 ಡಿಗ್ರಿಯ ಕರಗಿದ ಪ್ಯಾರಾಫಿನ್ ಮೇಣವನ್ನು ತುಂಬುತ್ತದೆ. 'ಇಷ್ಟು ಪುಟ್ಟ ಚೂರಿಗೆ ಎರಡು ದಿನ ಏಕೆ?' ಎಂದು ಕೌಂಟರಿನಲ್ಲಿ ಜಗಳವಾಡುವವರಿಗೆ ಉತ್ತರ ಈ ರಾತ್ರಿ. ಮೂಳೆಯಿದ್ದರೆ ಅದರ ಸುಣ್ಣವನ್ನು ಆಮ್ಲ ಅಥವಾ ಇಡಿಟಿಎ ದ್ರಾವಣದಲ್ಲಿ ಕರಗಿಸಬೇಕು, ಇನ್ನಷ್ಟು ಕಾಯಬೇಕು.

ಬೆಳಿಗ್ಗೆ ಟೆಕ್ನಿಷಿಯನ್ ಮೇಣದ ಬ್ಲಾಕನ್ನು ಮೈಕ್ರೋಟೋಮಿಗೆ ಸಿಕ್ಕಿಸಿ ಹಿಡಿ ತಿರುಗಿಸುತ್ತಾರೆ. ಮೂರರಿಂದ ಐದು ಮೈಕ್ರಾನ್ ದಪ್ಪದ, ತಲೆಗೂದಲಿನ ಹತ್ತನೆಯ ಒಂದು ಪಾಲಿಗಿಂತ ತೆಳುವಾದ ಪದರಗಳು ರಿಬ್ಬನ್ನಿನಂತೆ ಇಳಿಯುತ್ತವೆ. ಬೆಚ್ಚನೆಯ ನೀರಿನ ಮೇಲೆ ಬಿಟ್ಟಾಗ ಹಾಲಿನ ಕೆನೆಯಂತೆ ಹರಡಿಕೊಳ್ಳುತ್ತವೆ, ಅಲ್ಲಿಂದ ಗಾಜಿನ ಸ್ಲೈಡಿಗೆ ಎತ್ತುತ್ತಾರೆ. ಇದು ಕೈಯ ಹದದ ಕೆಲಸ. ವರದಿಗೆ ಸಹಿ ಮಾಡುವವರ ಹೆಸರು ನಿಮಗೆ ಗೊತ್ತಾಗುತ್ತದೆ, ಈ ಕೈಯವರ ಹೆಸರು ಎಲ್ಲೂ ಇರುವುದಿಲ್ಲ.

ಬಣ್ಣವಿಲ್ಲದ ಅಂಗಾಂಶ ಗಾಜಿನಂತೆ ಪಾರದರ್ಶಕ. ಮಧ್ಯ ಅಮೆರಿಕ ಕಡೆಯ ಲಾಗ್‌ವುಡ್ ಮರದ ತಿರುಳಿನಿಂದ ಬಂದ ಹೆಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿ-ನೇರಳೆ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಒಂದು ಶತಮಾನಕ್ಕೂ ಮೀರಿ ಈ ಜೋಡಿಯ ಮೇಲೆಯೇ ಜಗತ್ತಿನ ಪೆಥಾಲಜಿ ನಡೆದಿದೆ.

ರೋಗಿ ಮೇಜಿನ ಮೇಲಿರುವಾಗಲೇ ಉತ್ತರ ಬೇಕಾದರೆ ಫ್ರೋಜನ್ ಸೆಕ್ಷನ್ ಇದೆ. ಮೇಣದ ಬದಲು ಹಸಿ ಚೂರನ್ನೇ ಕ್ರಯೋಸ್ಟಾಟಿನಲ್ಲಿ ಸುಮಾರು ಮೈನಸ್ 20 ಡಿಗ್ರಿಯಲ್ಲಿ ಮರಗಟ್ಟಿಸಿ, ಕತ್ತರಿಸಿ, ಬಣ್ಣ ಹಾಕಿ ಇಪ್ಪತ್ತು ನಿಮಿಷದಲ್ಲಿ ಹೇಳುತ್ತಾರೆ. ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಅಂಚು ಸ್ವಚ್ಛವೇ ಎಂದು ನೋಡಲು ಇದು ಬಹಳ ಉಪಯೋಗ. ಚಿತ್ರ ಅಷ್ಟು ಸ್ಪಷ್ಟವಿರದ ಕಾರಣ ಕೊನೆಯ ಮಾತು ಮೇಣದ ಸ್ಲೈಡಿನದೇ.

ಹಂತ 6: ಕಣ್ಣು ಮತ್ತು ಹೆಚ್ಚುವರಿ ಪರೀಕ್ಷೆಗಳು

ಪೆಥಾಲಜಿಸ್ಟ್ ಮೊದಲು ಕಡಿಮೆ ವರ್ಧನೆಯಲ್ಲಿ ಗದ್ದೆಯನ್ನು ನೋಡುತ್ತಾರೆ, ಆಮೇಲೆ ತೆನೆಯನ್ನು. ಪದರಗಳ ಜೋಡಣೆ ಕೆಟ್ಟಿದೆಯೇ, ಕೋಶಕೇಂದ್ರಗಳು ದೊಡ್ಡದಾಗಿ ಕಪ್ಪಾಗಿವೆಯೇ, ವಿಭಜನೆ ಹೆಚ್ಚಿದೆಯೇ, ತಳಪದರವೆಂಬ ಬದು ಮುರಿದಿದೆಯೇ? ಬದು ಮುರಿಯದೆ ಮೇಲ್ಪದರದಲ್ಲೇ ಕೋಶಗಳು ಹದಗೆಟ್ಟಿದ್ದರೆ ಡಿಸ್‌ಪ್ಲೇಸಿಯಾ, ಮುರಿದಿದ್ದರೆ ಆಕ್ರಮಿಸುವ ಕ್ಯಾನ್ಸರ್.

ಗುಮಾನಿ ಉಳಿದರೆ ಬೇರೆ ಬಣ್ಣಗಳು: ಕ್ಷಯಕ್ಕೆ ಝೀಲ್-ನೀಲ್ಸನ್, ಶಿಲೀಂಧ್ರಕ್ಕೆ ಬೆಳ್ಳಿಯ ಬಣ್ಣ, ಅಮಿಲಾಯ್ಡ್ ಎಂಬ ಅಸಹಜ ಪ್ರೋಟೀನಿಗೆ ಕಾಂಗೋ ರೆಡ್. ಕ್ಯಾನ್ಸರ್ ಯಾವ ಅಂಗದ್ದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಇಮ್ಯುನೊಹಿಸ್ಟೊಕೆಮಿಸ್ಟ್ರಿ, ಐಎಚ್‌ಸಿ. ಹುಡುಕುವ ಪ್ರೋಟೀನ್ ಇದ್ದಲ್ಲಿ ಕಂದು ಬಣ್ಣ ಮೂಡುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಇಆರ್, ಪಿಆರ್ ಎಂಬ ಹಾರ್ಮೋನ್ ಗ್ರಾಹಕಗಳು, ಹರ್-2 ಎಂಬ ಪ್ರೋಟೀನು, ಈ ಮೂರನ್ನು ನೋಡುತ್ತಾರೆ. ಹರ್-2 ಫಲಿತಾಂಶ 3+ ಬಂದರೆ ಪಾಸಿಟಿವ್, 2+ ಬಂದರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ, ಫಿಶ್ ಎಂಬ ಇನ್ನೊಂದು ಪರೀಕ್ಷೆಯಿಂದ ವಂಶವಾಹಿಯನ್ನೇ ಎಣಿಸಬೇಕು. ಐಎಚ್‌ಸಿಗೆ ಬೇರೆ ಶುಲ್ಕ, ಬೇರೆ ದಿನಗಳು. ಅದನ್ನು ಮಾಡಿಸಲು ಹೇಳಿದರೆಂದರೆ ಮೊದಲ ವರದಿ ತಪ್ಪಿತ್ತು ಎಂದೇನೂ ಅಲ್ಲ.

ಹಂತ 7: ವರದಿ ಓದುವುದು

ಎಲ್ಲರೂ ಕೊನೆಯ 'ಇಂಪ್ರೆಷನ್' ಸಾಲಿಗೆ ಜಿಗಿಯುತ್ತಾರೆ. ನೀವು ಮೊದಲು ಹೆಸರು, ಭಾಗ, ಬಲ-ಎಡ ಸರಿಯಿದೆಯೇ ನೋಡಿ. ಆಮೇಲೆ ಜಿಗಿಯಿರಿ.

'ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ' ಎಂದರೆ ಈ ಚೂರಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ ಎಂದಷ್ಟೇ. ಸ್ಕ್ಯಾನ್ ಗಟ್ಟಿಯಾಗಿ ಕ್ಯಾನ್ಸರ್ ಎನ್ನುತ್ತಿದ್ದು ಬಯಾಪ್ಸಿ ಇಲ್ಲ ಎಂದರೆ, ಸೂಜಿ ಗುರಿ ತಪ್ಪಿರಬಹುದು. ಅಂಥಲ್ಲಿ ಸಂತೋಷದಿಂದ ಮನೆಗೆ ಹೋಗಬೇಡಿ, 'ಎರಡೂ ಹೊಂದುತ್ತವೆಯೇ?' ಎಂದು ಕೇಳಿ. 'ಇನ್‌ಅಡಿಕ್ವೇಟ್' ಎಂದರೆ ಚೂರು ಸಾಲದು, ಅದು ಒಳ್ಳೆಯ ಸುದ್ದಿಯೂ ಅಲ್ಲ ಕೆಟ್ಟದ್ದೂ ಅಲ್ಲ. 'ಸಜೆಸ್ಟಿವ್ ಆಫ್' ಎಂಬಲ್ಲಿ ಒಲವಿದೆ, ಖಚಿತತೆ ಇಲ್ಲ.

'ಪಾಸಿಟಿವ್' ಎಂಬ ಪದ ಮನೆಮಂದಿಯನ್ನು ಸುಮ್ಮನೆ ಅಳಿಸುತ್ತದೆ. ಅಂಚು ಪಾಸಿಟಿವ್ ಎಂದರೆ ರೋಗ ಉಳಿದಿರಬಹುದು. ಇಆರ್ ಪಾಸಿಟಿವ್ ಎಂದರೆ ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುವ ಸಾಧ್ಯತೆ ಇದೆ ಎಂಬ ಒಳ್ಳೆಯ ಸುದ್ದಿ.

ಗ್ರೇಡ್ 3 ಎಂದು ಓದಿ 'ಮೂರನೇ ಸ್ಟೇಜಂತೆ' ಎಂದು ಊರಿಗೆಲ್ಲ ಫೋನ್ ಮಾಡಿದವರನ್ನು ಕಂಡಿದ್ದೇನೆ. ಗ್ರೇಡ್ ಎಂದರೆ ಕೋಶ ಎಷ್ಟು ಹದಗೆಟ್ಟಿದೆ ಎಂಬ ದರ್ಜೆ. ಸ್ಟೇಜ್ ಎಂದರೆ ರೋಗ ಎಷ್ಟು ದೂರ ಹೋಗಿದೆ ಎಂಬ ಹಂತ, ಅದಕ್ಕೆ ಸ್ಕ್ಯಾನ್‌ಗಳೂ ಬೇಕು. ಪ್ರಾಸ್ಟೇಟಿನ ಗ್ಲೀಸನ್ ಅಂಕವಂತೂ ಇನ್ನೂ ತಮಾಷೆ: 3+4 ಕೂಡ ಏಳು, 4+3 ಕೂಡ ಏಳು, ಆದರೆ ಎರಡನೆಯದು ಹೆಚ್ಚು ಕೆಟ್ಟದ್ದು, ಏಕೆಂದರೆ ಮೊದಲ ಅಂಕಿ ಹೆಚ್ಚು ಜಾಗ ಹಿಡಿದಿರುವ ವಿನ್ಯಾಸದ್ದು.

ಹಂತ 8: ಎರಡನೆಯ ಅಭಿಪ್ರಾಯ

ಬೆಂಗಳೂರಿನ ಕಿದ್ವಾಯಿಗೋ ಮುಂಬೈನ ಟಾಟಾ ಮೆಮೋರಿಯಲ್‌ಗೋ ಹೋಗುವವರು ವರದಿಯ ಜೆರಾಕ್ಸ್ ಮಾತ್ರ ಒಯ್ದರೆ ಸಾಲದು. ಅಲ್ಲಿಯವರು ತಮ್ಮ ಕಣ್ಣಿನಿಂದಲೇ ಮತ್ತೆ ನೋಡಬಯಸುತ್ತಾರೆ, ಐಎಚ್‌ಸಿಗಾಗಿ ಹೊಸ ಪದರ ಕತ್ತರಿಸಬೇಕಾಗುತ್ತದೆ. ಮೊದಲ ಲ್ಯಾಬಿಗೆ ಕ್ರಮಸಂಖ್ಯೆ ಹೇಳಿ, ಅರ್ಜಿ ಬರೆದುಕೊಟ್ಟು, ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಪಡೆಯಿರಿ. ಮೊದಲ ವೈದ್ಯರು ನೊಂದುಕೊಳ್ಳುತ್ತಾರೆಂಬ ಅಳುಕು ಬೇಡ, ಇದು ದಿನನಿತ್ಯದ ವ್ಯವಹಾರ. ಕೆಲಸ ಮುಗಿದ ಮೇಲೆ ಬ್ಲಾಕನ್ನು ಹಿಂದಕ್ಕೆ ಪಡೆದು, ವರ್ಷಗಳ ನಂತರ ರೋಗ ಮರುಕಳಿಸಿದರೂ ಸಿಗುವಂತೆ ಜೋಪಾನವಾಗಿಡಿ. ಸ್ಲೈಡುಗಳನ್ನು ಡಬ್ಬಿಯಲ್ಲಿ ನಿಲ್ಲಿಸಿ ಒಯ್ಯಿರಿ, ಜೇಬಿನಲ್ಲಿ ಮುರಿಯುತ್ತವೆ. ಬ್ಲಾಕ್ ಮೇಣದ್ದು. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಿಂದ ಬರುವವರು ಅದನ್ನು ಕಾರಿನ ಗಾಜಿನ ಕೆಳಗೆ ಬಿಸಿಲಿಗೆ ಇಡಬೇಡಿ, ಬಟ್ಟೆಯ ಚೀಲದ ನಡುವೆ ಇಟ್ಟುಕೊಂಡು ಬನ್ನಿ.